ಒಡೆದು ಬಂದ ಪಾರ್ಸಲ್, ಖಾಲಿ ಬಿಟ್ಟ ಬೆಲೆಯ ಕಾಲಂ

ಸಾಗಣೆಯಲ್ಲಿ ಒಡೆದ, ನೆನೆದ ಅಥವಾ ಜಜ್ಜಿಹೋದ ಪಾರ್ಸಲ್ಲಿನ ನಷ್ಟ ತುಂಬಿಕೊಡುವ ಹೊಣೆ ಭಾರತದ ಕಾನೂನಿನಲ್ಲಿ ಮೊದಲು ಬೀಳುವುದು ಸಾಗಿಸಿದವನ ಮೇಲೆ. ಮಾಲು ಒಪ್ಪಿಸಿದವನು ಸಾಗಣೆದಾರನ ಅಜಾಗರೂಕತೆಯನ್ನು ಸಾಬೀತು ಮಾಡಬೇಕಾಗಿಲ್ಲ. ಗಟ್ಟಿಯಾಗಿ ಕೊಟ್ಟದ್ದು ಕೆಟ್ಟು ಬಂತು ಎಂದು ತೋರಿಸಿದರೆ ಸಾಕು, ಉಳಿದ ವಿವರಣೆ ಸಾಗಣೆದಾರನ ಕೆಲಸ. ಇಷ್ಟು ಅನುಕೂಲವಾದ ಕಾನೂನಿದ್ದೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಿ ಒಡೆದ ಪಾರ್ಸಲ್ಲಿನ ತಕರಾರು ಬಹಳ ಸಲ ಏಜೆಂಟನ ಅಂಗಡಿ ಕಟ್ಟೆಯ ಮೇಲೆಯೇ ಹುಟ್ಟಿ ಅಲ್ಲಿಯೇ ಸಾಯುತ್ತದೆ. ಇದಕ್ಕೆ ಕಾನೂನಿಗಿಂತ ಹೆಚ್ಚಾಗಿ ಕಾಗದವೇ ಕಾರಣ. ಪರಿಹಾರ ಎಷ್ಟು ಎಂಬುದು ಮಾಲು ಒಡೆದ ದಿನ ನಿರ್ಧಾರವಾಗುವುದಿಲ್ಲ. ಬುಕಿಂಗ್ ಮಾಡಿದ ದಿನ, ರಸೀದಿಯ ಬೆಲೆಯ ಕಾಲಂನಲ್ಲಿ ಏನು ಬರೆಯಲಾಯಿತು ಅಥವಾ ಏನನ್ನೂ ಬರೆಯದೆ ಬಿಡಲಾಯಿತು ಎಂಬುದರಲ್ಲೇ ಮುಕ್ಕಾಲು ಪಾಲು ನಿರ್ಧಾರವಾಗಿರುತ್ತದೆ.

ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆ ಎಂದರೆ ಈ ಐದು ತಾಲ್ಲೂಕುಗಳೇ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟ ಪೆಟ್ಟಿಗೆ ಇಲ್ಲಿಗೆ ನೇರವಾಗಿ ಬರುವುದು ಅಪರೂಪ. ಹೊಸಪೇಟೆ, ಬಳ್ಳಾರಿ ಅಥವಾ ದಾವಣಗೆರೆಯಂಥ ದೊಡ್ಡ ಊರಿನಲ್ಲಿ ಇಳಿದು, ಬೇರೆ ಗಾಡಿಗೆ ಏರಿ, ಕೊನೆಗೆ ಜೆರಾಕ್ಸ್ ಅಂಗಡಿಯೋ ಮೊಬೈಲ್ ಅಂಗಡಿಯೋ ಆಗಿರುವ ಏಜೆಂಟನ ಕಡೆಗೆ ಬರುತ್ತದೆ. ಪ್ರತಿ ಏರಿಳಿತಕ್ಕೂ ಒಬ್ಬ ಹಮಾಲ, ಒಂದು ಎಸೆತ. ಎಲ್ಲಿ ಒಡೆಯಿತು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ನಮಗ ಬಂದಿದ್ದೇ ಹಿಂಗ ರೀ, ಮ್ಯಾಲಿನವ್ರನ್ನ ಕೇಳ್ರಿ.’ ಆ ಮೇಲಿನವರು ಯಾರು, ಎಲ್ಲಿರುತ್ತಾರೆ ಎಂಬುದು ರಸೀದಿಯ ಹಿಂಬದಿಯ ಸಣ್ಣಕ್ಷರಗಳಲ್ಲಿ ಇರುತ್ತದೆ. ಅದನ್ನು ಓದಲು ಭೂತಗನ್ನಡಿ ಬೇಕು.

ಕಾನೂನು ಈ ಉತ್ತರವನ್ನು ಒಪ್ಪುವುದಿಲ್ಲ. 1865ರ ಕ್ಯಾರಿಯರ್ಸ್ ಕಾಯ್ದೆಯ ಜಾಗದಲ್ಲಿ ಬಂದು 2011ರ ಮಾರ್ಚ್ 1ರಿಂದ ಜಾರಿಯಲ್ಲಿರುವ 2007ರ ರಸ್ತೆ ಸಾಗಣೆ ಕಾಯ್ದೆ ‘ಸಾಮಾನ್ಯ ಸಾಗಣೆದಾರ’ ಎಂಬ ಮಾತಿನೊಳಗೆ ಲಾರಿ ಕಂಪನಿಯ ಜೊತೆಗೆ ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ದಲ್ಲಾಳಿ ಮತ್ತು ಮನೆಬಾಗಿಲಿಂದ ಮನೆಬಾಗಿಲಿಗೆ ಒಯ್ಯುವ ಕೊರಿಯರ್ ಸಂಸ್ಥೆಗಳನ್ನೂ ಹೆಸರಿಸಿ ಸೇರಿಸಿದೆ. ಸರ್ಕಾರವನ್ನು ಮಾತ್ರ ಹೊರಗಿಟ್ಟಿದೆ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಾಲು ಕಳೆದರೂ ನಾಶವಾದರೂ ಕೆಟ್ಟರೂ ತಲುಪದಿದ್ದರೂ ಸಾಗಣೆದಾರನೇ ಹೊಣೆ. ಇದಕ್ಕಿರುವ ವಿನಾಯಿತಿಗಳು ಕೆಲವೇ: ದೈವಿಕ ವಿಕೋಪ, ಯುದ್ಧ, ದಂಗೆ, ಕಾನೂನುರೀತ್ಯಾ ಜಪ್ತಿ, ಸರ್ಕಾರದ ನಿರ್ಬಂಧ. ಅವುಗಳಿಗೂ ಒಂದು ಷರತ್ತಿದೆ. ತಕ್ಕ ಎಚ್ಚರ ವಹಿಸಿದ್ದರೆ ನಷ್ಟ ತಪ್ಪುತ್ತಿತ್ತು ಎಂದಾದರೆ ವಿನಾಯಿತಿ ಸಿಗುವುದಿಲ್ಲ. ಚಿಕ್ಕಹಗರಿ ಹಳ್ಳ ಏಕಾಏಕಿ ಉಕ್ಕಿ ಸೇತುವೆಯೇ ಕೊಚ್ಚಿಹೋಗಿ ಗಾಡಿ ಮುಳುಗಿದರೆ ಅದು ದೈವಿಕ ವಿಕೋಪ ಎನ್ನಬಹುದು. ತಾಡಪಾಲು ಹೊದಿಸದೆ ಬಂದ ಲಾರಿಯಲ್ಲಿ ಪೆಟ್ಟಿಗೆ ನೆನೆದರೆ ದೈವವನ್ನು ದೂರುವ ಹಾಗಿಲ್ಲ.

ರಸೀದಿಯ ಮೇಲೆ ಒತ್ತಿರುವ ‘ಓನರ್ ರಿಸ್ಕ್’ ಮುದ್ರೆಯನ್ನು ಕಂಡು ಬಹಳ ಜನ ಕೈಚೆಲ್ಲುತ್ತಾರೆ. ಮಾಲು ಕೆಟ್ಟರೆ ಮಾಲೀಕನ ಹಣೆಬರಹ ಎಂಬುದು ಅದರ ಅರ್ಥವೆಂದು ಕಂಪನಿಯೂ ಹೇಳುತ್ತದೆ, ಗಿರಾಕಿಯೂ ನಂಬುತ್ತಾನೆ. ನಾಥ್ ಬ್ರದರ್ಸ್ ಎಕ್ಸಿಮ್ ವಿರುದ್ಧ ಬೆಸ್ಟ್ ರೋಡ್‌ವೇಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಈ ನಂಬಿಕೆಯನ್ನು ಬಿಡಿಸಿ ನೋಡಿತು. ಸಾಗಣೆದಾರನ ಹೊಣೆ ವಿಮೆಗಾರನ ಹೊಣೆಯಷ್ಟೇ ಗಟ್ಟಿಯಾದದ್ದು, ‘ಮಾಲೀಕನ ಅಪಾಯಕ್ಕೆ’ ಎಂದು ಬರೆದ ಮಾತ್ರಕ್ಕೆ ಸಾಗಣೆದಾರನ ಅಜಾಗರೂಕತೆ ಮಾಫಿಯಾಗುವುದಿಲ್ಲ ಎಂದು ಅದು ಹೇಳಿತು. ಮುದ್ರೆ ಹೆದರಿಸುವಷ್ಟು ಬಲ ಅದಕ್ಕಿಲ್ಲ.

ನಿಜವಾದ ಬಲವಿರುವುದು ಇನ್ನೊಂದು ಕಡೆ, ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿ. ಕಳಿಸುವವನು ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ಕೊಡದಿದ್ದರೆ ಸಾಗಣೆದಾರನ ಹೊಣೆಗೆ ಮಿತಿ ಇರುತ್ತದೆ ಎಂದು ಅದು ಹೇಳುತ್ತದೆ. 2011ರ ನಿಯಮಗಳು ಆ ಮಿತಿಯನ್ನು ಸಾಗಣೆ ವೆಚ್ಚದ ಹತ್ತು ಪಟ್ಟು ಎಂದು ನಿಗದಿ ಮಾಡಿವೆ. ಆ ಮೊತ್ತವೂ ಘೋಷಿಸಿದ ಬೆಲೆಯನ್ನು ಮೀರುವಂತಿಲ್ಲ. ಲೆಕ್ಕ ಹಾಕಿದರೆ ಇದರ ಬಿಸಿ ತಿಳಿಯುತ್ತದೆ. 18,000 ರೂಪಾಯಿಯ ಮೊಬೈಲನ್ನು ರಿಪೇರಿಗೆಂದು ಹರಪನಹಳ್ಳಿಯಿಂದ ಬೆಂಗಳೂರಿಗೆ 150 ರೂಪಾಯಿ ಕೊಟ್ಟು ಕಳಿಸಿದರೆ, ಅದು ಪುಡಿಯಾದಾಗ ಕಾಯ್ದೆಯ ಲೆಕ್ಕದಲ್ಲಿ ಸಿಗುವುದು ಹೆಚ್ಚೆಂದರೆ 1,500 ರೂಪಾಯಿ. ಬೆಲೆಯ ಕಾಲಂನಲ್ಲಿ 500 ಎಂದು ಬರೆದಿದ್ದರೆ 500 ಮಾತ್ರ.

ಕಾಲಂ ಹೀಗೆ ಬರಿದಾಗುವ ಅಥವಾ ಅದರಲ್ಲಿ ಕಡಿಮೆ ಬೆಲೆ ಬೀಳುವ ಬಗೆ ಎಲ್ಲ ಬುಕಿಂಗ್ ಕೌಂಟರುಗಳಲ್ಲೂ ಒಂದೇ. ‘ರೇಟು ಎಷ್ಟು ಬರೀಲಿ?’ ‘ಐನೂರು ಬರ್ಕಳ್ರಿ, ಸಾಕು.’ ಹೆಚ್ಚು ಬರೆದರೆ ಚಾರ್ಜು ಹೆಚ್ಚಾದೀತು, ಬಿಲ್ಲು ಕೇಳಿಯಾರು, ತೆರಿಗೆಯ ತಂಟೆ ಬಂದೀತು ಎಂಬುದು ಗಿರಾಕಿಯ ಅಂಜಿಕೆ. ಏಜೆಂಟನಿಗೋ ಇನ್ನೂ ಹತ್ತು ಪಾರ್ಸಲ್ ಬುಕ್ ಮಾಡುವ ಅವಸರ. ಉಳಿಸಿದ ಇಪ್ಪತ್ತು ಮೂವತ್ತು ರೂಪಾಯಿ ಮುಂದೆ ಸಾವಿರಗಳಲ್ಲಿ ಹೋಗಬಹುದು ಎಂಬುದು ಆ ಹೊತ್ತಿಗೆ ಇಬ್ಬರ ಮನಸ್ಸಿನಲ್ಲೂ ಇರುವುದಿಲ್ಲ.

ಶಾಸನದ ಮಿತಿಯ ಮೇಲೆ ಕಂಪನಿಗಳು ತಮ್ಮದೇ ಮಿತಿಯನ್ನೂ ಅಚ್ಚು ಹಾಕಿಸಿರುತ್ತವೆ. ಏನೇ ಆದರೂ 100 ರೂಪಾಯಿ, 500 ರೂಪಾಯಿ, 2,000 ರೂಪಾಯಿ ಎಂಬ ಬಗೆಯ ಷರತ್ತುಗಳು ಅವು. ಅವು ಗಿರಾಕಿಯನ್ನು ಕಟ್ಟಿಹಾಕುತ್ತವೆಯೇ ಎಂಬ ಪ್ರಶ್ನೆಗೆ ನ್ಯಾಯಾಲಯಗಳ ಉತ್ತರ ಒಂದೇ ತೆರನಾಗಿಲ್ಲ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಣ ಪ್ರಕರಣದಲ್ಲಿ ಜರ್ಮನಿಗೆ ಕಳಿಸಿದ ದಾಖಲೆಗಳು ಸಮಯಕ್ಕೆ ತಲುಪದೆ ಲಕ್ಷಗಟ್ಟಲೆ ನಷ್ಟವಾಗಿತ್ತು. ಆದರೆ ರಸೀದಿಯಲ್ಲಿ ಹೊಣೆಯ ಮಿತಿ 100 ಡಾಲರ್ ಎಂದಿತ್ತು, ಕಳಿಸಿದವರು ಅದಕ್ಕೆ ಸಹಿ ಹಾಕಿದ್ದರು. 1996ರಲ್ಲಿ ಸುಪ್ರೀಂ ಕೋರ್ಟು ಆ ಮಿತಿಯನ್ನೇ ಎತ್ತಿಹಿಡಿಯಿತು. ಅಂದಿನಿಂದ ಕೊರಿಯರ್ ಕಂಪನಿಗಳ ವಕೀಲರು ಮೊದಲು ಎತ್ತಿಕೊಳ್ಳುವ ಆಯುಧ ಈ ತೀರ್ಪು. ಆದರೆ ಅದರ ಜೀವ ಇರುವುದು ಸಹಿಯಲ್ಲಿ. ಗಿರಾಕಿ ಸಹಿ ಮಾಡಿಲ್ಲ, ಷರತ್ತನ್ನು ಆತನ ಗಮನಕ್ಕೆ ತಂದಿಲ್ಲ, ಓದಲಾಗದ ಅಕ್ಷರದಲ್ಲಿ ಹಿಂಬದಿಗೆ ಅಚ್ಚಾಗಿದೆ ಎಂದಾದಾಗ ಅದು ಆತನನ್ನು ಕಟ್ಟುವುದಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ಅನಂತರದ ಪ್ರಕರಣಗಳಲ್ಲಿ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬ ಪರಿಕಲ್ಪನೆಯನ್ನೂ ತಂದಿತು. ಆದರೆ ಅದರ ವಿಚಾರಣೆಯ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಿದೆ, ಜಿಲ್ಲಾ ಆಯೋಗಕ್ಕಿಲ್ಲ. ಸಣ್ಣ ಊರಿನ ಗಿರಾಕಿಗೆ ‘ಸಹಿ ಇಲ್ಲ, ತಿಳಿಸಿಲ್ಲ’ ಎಂಬ ವಾದವೇ ಹೆಚ್ಚು ಹತ್ತಿರದ್ದು.

ಮಾಲು ಕೈಗೆ ಬಂದ ಹೊತ್ತಿನ ಐದು ನಿಮಿಷಕ್ಕೆ ಬೆಲೆಯ ಕಾಲಂನಷ್ಟೇ ಮಹತ್ವವಿದೆ. ಹೊರಗಿನ ರಟ್ಟಿನ ಪೆಟ್ಟಿಗೆ ಚಪ್ಪಟೆಯಾಗಿದ್ದರೆ, ಟೇಪು ಬಿಚ್ಚಿ ಮತ್ತೆ ಅಂಟಿಸಿದ್ದರೆ, ಒದ್ದೆಯಾಗಿದ್ದರೆ ಸಹಿ ಹಾಕುವ ಮೊದಲೇ ಡೆಲಿವರಿ ಹಾಳೆಯಲ್ಲಿ ‘ಪೆಟ್ಟಿಗೆ ಜಜ್ಜಿದೆ, ಒಳಗಿನ ಮಾಲು ಪರೀಕ್ಷಿಸಿಲ್ಲ’ ಎಂಬ ಒಂದು ಸಾಲು ಬರೆಯಬೇಕು. ಕನ್ನಡದಲ್ಲಿ ಬರೆದರೂ ಅದು ಸಾಕ್ಷ್ಯವೇ. ಈಗ ಕಾಗದದ ಬದಲು ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಸಹಿ ಹಾಕಿಸುತ್ತಾರೆ, ಇಲ್ಲವೇ ಒಟಿಪಿ ಕೇಳುತ್ತಾರೆ. ಒಟಿಪಿ ಕೊಟ್ಟ ಗಳಿಗೆಯಲ್ಲಿ ‘ಸುಸ್ಥಿತಿಯಲ್ಲಿ ತಲುಪಿಸಲಾಗಿದೆ’ ಎಂಬ ದಾಖಲೆ ಹುಟ್ಟುತ್ತದೆ. ಆದ್ದರಿಂದ ಆ ಮೊದಲೇ ಪೆಟ್ಟಿಗೆಯ ಆರೂ ಮಗ್ಗುಲಿನ ಫೋಟೊ, ವಿಳಾಸದ ಚೀಟಿ ಕಾಣುವಂತೆ ಬಿಚ್ಚುವ ವಿಡಿಯೊ ಬೇಕು. ವಿಡಿಯೊ ನಡುವೆ ನಿಂತು ಮತ್ತೆ ಶುರುವಾದರೆ ಎದುರು ಪಕ್ಷದ ವಕೀಲ ಆ ಬಿರುಕಿನಲ್ಲೇ ನುಸುಳುತ್ತಾನೆ. ಲಾರಿ ಟ್ರಾನ್ಸ್‌ಪೋರ್ಟ್‌ನಲ್ಲಿ ಬಂದ ದೊಡ್ಡ ಮಾಲಿಗೆ ಹಳೆಯ ರೂಢಿಯೊಂದಿದೆ. ಕಚೇರಿಯಲ್ಲೇ ‘ಓಪನ್ ಡೆಲಿವರಿ’ ಕೇಳಿ, ಒಡೆದದ್ದನ್ನು ಎಣಿಸಿ, ಡ್ಯಾಮೇಜ್ ಸರ್ಟಿಫಿಕೇಟ್ ಬರೆಸಿಕೊಳ್ಳುವುದು. ಈ ಚೀಟಿ ಕೊಡಲು ಗುಮಾಸ್ತರು ಹಿಂಜರಿಯುತ್ತಾರೆ. ಕೊಡದಿದ್ದರೆ ಅದೇ ದಿನ ಕಂಪನಿಗೆ ಇಮೇಲ್ ಹಾಕಿ, ಕೊಡಲು ನಿರಾಕರಿಸಿದ ಸಂಗತಿಯನ್ನೂ ಅದರಲ್ಲಿ ದಾಖಲಿಸಬಹುದು.

ಕಂಪನಿಯ ಪ್ರತಿವಾದ ಸಾಮಾನ್ಯವಾಗಿ ಪ್ಯಾಕಿಂಗಿನ ಸುತ್ತ ಇರುತ್ತದೆ. ಗಾಜಿನ ಸಾಮಾನನ್ನು ಹಳೆ ಪೇಪರಿನಲ್ಲಿ ಸುತ್ತಿ ಗೋಣಿಚೀಲದಲ್ಲಿ ಹೊಲಿದು ಕಳಿಸಿದರೆ ಆ ವಾದಕ್ಕೆ ತೂಕವಿದೆ. ಆದರೆ ಅದೇ ಗೋಣಿಚೀಲವನ್ನು ಏಜೆಂಟ್ ಏನೂ ಹೇಳದೆ ಒಪ್ಪಿ ಚಾರ್ಜು ತೆಗೆದುಕೊಂಡಿದ್ದರೆ ಆ ತೂಕ ಅರ್ಧಕ್ಕೆ ಇಳಿಯುತ್ತದೆ. ಬುಕ್ ಮಾಡುವ ಮೊದಲು ಪ್ಯಾಕಿಂಗಿನ ಎರಡು ಫೋಟೊ ತೆಗೆದಿಟ್ಟವನು ಈ ಚರ್ಚೆಯನ್ನೇ ತಪ್ಪಿಸಿಕೊಳ್ಳುತ್ತಾನೆ.

ಇನ್ನು ನೋಟಿಸು. 2007ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದಾವೆ ಹೂಡುವ ಮೊದಲು ಸಾಗಣೆದಾರನಿಗೆ ಲಿಖಿತ ನೋಟಿಸು ಕೊಟ್ಟಿರಬೇಕು, ಅದೂ 180 ದಿನದೊಳಗೆ. ಈ 180 ದಿನದ ಎಣಿಕೆ ಶುರುವಾಗುವುದು ಮಾಲು ಬುಕ್ ಮಾಡಿದ ತಾರೀಖಿನಿಂದ. ಒಡೆದ ಮಾಲು ಕೈಗೆ ಬಂದ ದಿನದಿಂದ ಅಲ್ಲ, ಕಂಪನಿ ‘ವಿಚಾರಿಸುತ್ತಿದ್ದೇವೆ’ ಎಂದು ಕೊನೆಯ ಇಮೇಲ್ ಕಳಿಸಿದ ದಿನದಿಂದಲೂ ಅಲ್ಲ. ಇಲ್ಲಿಯೇ ಬಹಳ ಅರ್ಜಿಗಳು ಮುಗ್ಗರಿಸುವುದು. ಟಿಕೆಟ್ ನಂಬರ್, ಕಂಪ್ಲೇಂಟ್ ನಂಬರ್ ಎಂದು ಕಸ್ಟಮರ್ ಕೇರ್ ಆಡಿಸುತ್ತಾ ಹೋದ ಹಾಗೆ ಆರು ತಿಂಗಳು ಸವೆದುಹೋಗುತ್ತವೆ. ಗ್ರಾಹಕ ವೇದಿಕೆಗೆ ಹೋಗುವವರಿಗೆ ಈ ನೋಟಿಸಿನ ಷರತ್ತು ಅನ್ವಯಿಸುವುದಿಲ್ಲ ಎಂಬ ವಾದವಿತ್ತು. 1865ರ ಹಳೆಯ ಕಾಯ್ದೆಯಡಿ ಅರವಿಂದ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಆದ್ದರಿಂದ ದಾರಿ ಯಾವುದೇ ಇರಲಿ, ನೋಟಿಸು ಮೊದಲು. ಡಾಕೆಟ್ ನಂಬರು, ಬುಕ್ ಮಾಡಿದ ತಾರೀಖು, ಮಾಲಿನ ಬೆಲೆ, ಒಡೆದ ಬಗೆ, ಕೇಳುವ ಮೊತ್ತ ಇಷ್ಟನ್ನು ಒಂದು ಪುಟದಲ್ಲಿ ಬರೆದು ಕಂಪನಿಯ ನೋಂದಾಯಿತ ಕಚೇರಿಗೂ ಸ್ಥಳೀಯ ಏಜೆಂಟನಿಗೂ ಕಳಿಸಿದರೆ ಸಾಕು, ವಕೀಲರೇ ಬರೆಯಬೇಕೆಂದಿಲ್ಲ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋದ ಕಾರಣ ಈಗ ಸ್ಪೀಡ್ ಪೋಸ್ಟಿನಲ್ಲೇ ತಲುಪಿದ ದಾಖಲೆಯ ಸೌಲಭ್ಯ ಪಡೆದು ಕಳಿಸಬೇಕು.

ನೋಟಿಸಿಗೆ ಜವಾಬು ಬರದಿದ್ದರೆ ಅಥವಾ ‘ಷರತ್ತಿನಂತೆ 100 ರೂಪಾಯಿ ಪಡೆಯಿರಿ’ ಎಂಬ ಜವಾಬು ಬಂದರೆ ಸಾಮಾನ್ಯ ಗಿರಾಕಿಗೆ ಹತ್ತಿರದ ಬಾಗಿಲು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಸಣ್ಣ ಮೊತ್ತದ ತಕರಾರು ಕೆಲವೊಮ್ಮೆ ಅಲ್ಲಿಯೇ ಬಗೆಹರಿಯುತ್ತದೆ. ಆಯೋಗದ ವ್ಯಾಪ್ತಿಯನ್ನು 2019ರ ಕಾಯ್ದೆ ಗಿರಾಕಿ ಕೊಟ್ಟ ಹಣದ ಮೇಲೆ ಅಳೆಯುತ್ತದೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 150 ರೂಪಾಯಿ ಕೊರಿಯರ್ ಚಾರ್ಜಿನ ವ್ಯಾಜ್ಯಕ್ಕೆ ಹಾಗಾಗಿ ನಯಾಪೈಸೆ ಶುಲ್ಕ ಬೀಳುವುದಿಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು.

ಸ್ಥಳದ ವಿಷಯದಲ್ಲಿ ಹೊಸ ಕಾಯ್ದೆ ಈ ಭಾಗದವರಿಗೆ ನಿಜವಾದ ಉಪಕಾರ ಮಾಡಿದೆ. 1986ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಎದುರು ಪಕ್ಷದ ಕಚೇರಿ ಇರುವ ಅಥವಾ ಕಾರಣ ಹುಟ್ಟಿದ ಊರಿನಲ್ಲಿ ದೂರು ಕೊಡಬೇಕಿತ್ತು. 34ನೇ ಸೆಕ್ಷನ್ ಈಗ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಆಯೋಗಕ್ಕೂ ಅಧಿಕಾರ ಕೊಟ್ಟಿದೆ. ಬೆಂಗಳೂರಿನಲ್ಲಿ ಬುಕ್ ಆಗಿ ಹೂವಿನಹಡಗಲಿಗೆ ಒಡೆದು ಬಂದ ಮಿಕ್ಸಿಗೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಜಿಲ್ಲೆಯ ಗಡಿಗಳೋ ಇಲ್ಲಿ ಸ್ವಲ್ಪ ಚಂಚಲ. ಹರಪನಹಳ್ಳಿ 1997ರವರೆಗೆ ಬಳ್ಳಾರಿಯಲ್ಲಿದ್ದು ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಂಚೆಯವರು ಮಾತ್ರ ಕದಲಲಿಲ್ಲ. ದಾವಣಗೆರೆ ಜಿಲ್ಲೆಯಲ್ಲಿದ್ದ ಎರಡು ದಶಕವೂ ಹರಪನಹಳ್ಳಿಯ ಪಿನ್ ಕೋಡ್ 583131 ಆಗಿಯೇ ಇತ್ತು. ಐದೂ ತಾಲ್ಲೂಕು ಕೇಂದ್ರಗಳ ಪಿನ್ ಇಂದಿಗೂ 583ರಿಂದಲೇ ಶುರುವಾಗುತ್ತದೆ. ದೂರಿನಲ್ಲಿ ವಿಳಾಸ ಬರೆಯುವಾಗ ಹಳೆಯ ಜಿಲ್ಲೆಯ ಹೆಸರು ನುಸುಳದಂತೆ ನೋಡಿಕೊಂಡರೆ ಒಂದು ತಕರಾರು ಕಡಿಮೆ. ಆನ್‌ಲೈನಿನಲ್ಲಿ ದೂರು ಕೊಡುವ ಇ-ದಾಖಿಲ್ ತಾಣ 2020ರಲ್ಲಿ ಬಂತು, ಅದರ ಮುಂದಿನ ರೂಪವಾದ ಇ-ಜಾಗೃತಿ 2025ರಲ್ಲಿ ಶುರುವಾಯಿತು. ಇವುಗಳಿಂದಾಗಿ ದೂರು ಸಲ್ಲಿಸಲು ಬಸ್ಸು ಹತ್ತುವ ಅಗತ್ಯವೂ ಕಡಿಮೆಯಾಗಿದೆ.

ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಈ 45 ದಿನ ಮೀರಿದ ಉತ್ತರವನ್ನು ತೆಗೆದುಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ದೊಡ್ಡ ಕಂಪನಿಗಳು ಸಣ್ಣ ಊರಿನ ನೋಟಿಸನ್ನು ಕಡತದಲ್ಲಿ ಮರೆತುಬಿಡುವುದುಂಟು. ಆ ಮರೆವಿನ ಲಾಭ ಗಿರಾಕಿಗೆ. ದೂರನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿದರೂ ಅಷ್ಟು ಬೇಗ ಮುಗಿಯುವುದು ವಿರಳ.

ಆಯೋಗದ ಬಾಗಿಲು ಎಲ್ಲರಿಗೂ ತೆರೆದಿಲ್ಲ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನು ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ. ಕೊಟ್ಟೂರಿನ ಪಾತ್ರೆ ಅಂಗಡಿಗೆ, ಹಗರಿಬೊಮ್ಮನಹಳ್ಳಿಯ ಮೋಟಾರು ಬಿಡಿಭಾಗದ ಅಂಗಡಿಗೆ ಮಾರಾಟಕ್ಕೆಂದು ಬಂದ ಮಾಲು ಒಡೆದರೆ ಈ ಅಡ್ಡಿ ಎದುರಾಗುತ್ತದೆ. ವ್ಯಾಪಾರಿಗೆ ಉಳಿಯುವುದು ಸಿವಿಲ್ ದಾವೆ. ಕಾಲಮಿತಿ ಕಾಯ್ದೆಯಂತೆ ಮಾಲು ಹಾಳಾದಂದಿನಿಂದ ಮೂರು ವರ್ಷದ ಅವಕಾಶವಿದೆ, 180 ದಿನದ ನೋಟಿಸು ಇಲ್ಲಿಯೂ ಕಡ್ಡಾಯ. ಬಿಲ್ಟಿಯ (ಲಾರಿ ರಸೀದಿಯ) ಮೇಲೆ ‘ಮುಂಬೈ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ’ ಎಂದು ಅಚ್ಚಾಗಿದ್ದರೆ ವ್ಯಾಪಾರಿ ಅಲ್ಲಿಗೇ ಕೈಬಿಡುತ್ತಾನೆ. ತಮಿಳುನಾಡಿನ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿಯೊಬ್ಬರು ಕೈಬಿಡಲಿಲ್ಲ. ದೆಹಲಿಗೆ ಕಳಿಸಿದ ಏಲಕ್ಕಿ ಪಟೇಲ್ ರೋಡ್‌ವೇಸ್ ಗೋದಾಮಿನಲ್ಲಿ ಬೆಂಕಿಗೆ ಸಿಕ್ಕಾಗ ತಮ್ಮ ಭಾಗದ ಕೋರ್ಟಿನಲ್ಲೇ ದಾವೆ ಹೂಡಿದರು. ಶಾಖೆ ಇರುವ ಊರಿನಲ್ಲಿ ಕಾರಣ ಹುಟ್ಟಿದ್ದರೆ ಅಲ್ಲಿನ ನ್ಯಾಯಾಲಯಕ್ಕೇ ಅಧಿಕಾರ, ಇಲ್ಲದ ಅಧಿಕಾರವನ್ನು ಕರಾರಿನ ಮೂಲಕ ಮುಂಬೈಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಮಾನಿಸಿತು.

ಆನ್‌ಲೈನಿನಲ್ಲಿ ಕೊಂಡ ವಸ್ತು ಒಡೆದು ಬಂದರೆ ಕೊರಿಯರಿನವರ ಜೊತೆ ಜಗಳ ಕಾಯುವುದು ವ್ಯರ್ಥ. ಆ ಕರಾರು ಮಾರಾಟಗಾರನಿಗೂ ಕೊರಿಯರಿಗೂ ಸಂಬಂಧಿಸಿದ್ದು, ಕೊಂಡವನಿಗೆ ಉತ್ತರಿಸಬೇಕಾದವನು ಮಾರಾಟಗಾರ. 2020ರ ಇ-ಕಾಮರ್ಸ್ ನಿಯಮಗಳಂತೆ ದೋಷವಿರುವ ಮಾಲನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಅಂಚೆಯ ಲೋಕವೇ ಬೇರೆ. 1898ರ ಅಂಚೆ ಕಾಯ್ದೆಯ 6ನೇ ಸೆಕ್ಷನ್ ಇಲಾಖೆಗೆ ಹಾಸಿದ್ದ ರಕ್ಷಾಕವಚ, 2024ರ ಜೂನ್ 18ರಿಂದ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯಲ್ಲೂ ಬೇರೆ ಮಾತುಗಳಲ್ಲಿ ಉಳಿದುಕೊಂಡಿದೆ. ನಿಯಮದಲ್ಲಿ ಹೇಳಿದಷ್ಟೇ ಹೊಣೆ, ಅದಕ್ಕಿಂತ ಹೆಚ್ಚಿಲ್ಲ. ಸ್ಪೀಡ್ ಪೋಸ್ಟ್ ವಸ್ತು ಕಳೆದರೆ ಅಥವಾ ಹಾಳಾದರೆ ಶುಲ್ಕದ ಎರಡರಷ್ಟು ಇಲ್ಲವೇ 1,000 ರೂಪಾಯಿ, ಯಾವುದು ಕಡಿಮೆಯೋ ಅದು, ಎಂಬುದು ಹಳೆಯ ಕಾಯ್ದೆಯ ಕಾಲದಿಂದ ನಡೆದುಬಂದ ಲೆಕ್ಕ. ಬೆಲೆಬಾಳುವ ವಸ್ತುವನ್ನು ಅಂಚೆಯಲ್ಲಿ ಕಳಿಸುವವರು ಇನ್ಶೂರ್ ಮಾಡಿಸಿ ಕಳಿಸುವುದೊಂದೇ ದಾರಿ. ಹೊಸಪೇಟೆ–ಕೊಟ್ಟೂರು–ಹರಿಹರ ರೈಲು ಮಾರ್ಗದಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ನಿಲ್ದಾಣಗಳಿವೆ. ಆದರೆ ರೈಲಿನ ಸರಕು ಕೆಟ್ಟರೆ ಗ್ರಾಹಕ ಆಯೋಗಕ್ಕೆ ಅಧಿಕಾರವಿಲ್ಲ. ಆರು ತಿಂಗಳೊಳಗೆ ರೈಲ್ವೆಗೆ ನೋಟಿಸು ಕೊಟ್ಟು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಹೋಗಬೇಕು.

ಈ ಸೀಮೆಗೆ ವಿಶೇಷವಾದ ಇನ್ನೊಂದು ತೊಡಕು ಹಾಳಾಗುವ ಮಾಲಿನದು. ಭೌಗೋಳಿಕ ಗುರುತು ಪಡೆದಿರುವ ಹಡಗಲಿ ಮಲ್ಲಿಗೆ ಮೊಗ್ಗಾಗಿ ಹೊರಟು ಅರಳುವಷ್ಟರಲ್ಲಿ ಮಾರುಕಟ್ಟೆ ಸೇರಬೇಕು. ಮೊಗ್ಗಿನ ಮೂಟೆ ಒಂದು ಬಸ್ಸು ತಪ್ಪಿದರೆ ಹೂವಿಗೆ ಏಟು ಬೀಳದೆಯೇ ಬೆಲೆ ಬಿದ್ದುಹೋಗುತ್ತದೆ. ತರಕಾರಿ ಸಸಿಯ ಟ್ರೇಗಳದೂ ಇದೇ ಪಾಡು. ಸಾಗಣೆ ಕಂಪನಿಗಳು ಕೊಳೆಯುವ ವಸ್ತುಗಳನ್ನು ಷರತ್ತಿನಲ್ಲೇ ಹೊರಗಿಡುತ್ತವೆ, ತಡವಾಗಿದ್ದಕ್ಕೆ ಹೊಣೆಯಿಲ್ಲ ಎನ್ನುತ್ತವೆ. ಆದರೆ ರಸ್ತೆ ಸಾಗಣೆ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ‘ಕೆಡುವುದು’ ಎಂಬ ಮಾತೂ ಇದೆ. ತಲುಪಬೇಕಾದ ಸಮಯವನ್ನು ರಸೀದಿಯಲ್ಲಿ ಬರೆಸಿಕೊಂಡಿದ್ದರೆ ತಡವಾದದ್ದೇ ಸೇವೆಯ ಲೋಪವಾಗುತ್ತದೆ. ಬಾಯಿಮಾತಿನ ‘ಬೆಳಿಗ್ಗೆ ಐದಕ್ಕೆ ಮುಟ್ಟಿಸ್ತೀವಿ’ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಬೆಲೆ ಹೆಚ್ಚಿರುವ ಮಾಲಿಗೆ ವಿಮೆ ಮಾಡಿಸುವುದು ಉಳಿದೆಲ್ಲಕ್ಕಿಂತ ನೆಟ್ಟಗಿನ ದಾರಿ. ಸಮುದ್ರದ ಗಾಳಿಯೂ ಸೋಕದ ಕೂಡ್ಲಿಗಿಯಿಂದ ಲಾರಿಯಲ್ಲಿ ಹೋಗುವ ಹುಣಸೆಹಣ್ಣಿಗೂ ವಿಮಾ ಕಂಪನಿ ಮಾರುವುದು ‘ಮರೈನ್’ ಪಾಲಿಸಿಯನ್ನೇ ಎಂಬುದು ಮೊದಲ ಸಲ ಕೇಳಿದವರಿಗೆ ತಮಾಷೆ ಅನ್ನಿಸೀತು. ಒಳನಾಡಿನ ಸಾಗಣೆ ವಿಮೆ ಆ ಶಾಖೆಯ ಕೆಳಗೇ ಬರುತ್ತದೆ. ವಿಮೆ ಇದ್ದರೂ ಸಾಗಣೆದಾರನಿಗೆ ನೋಟಿಸು ಕೊಡುವುದನ್ನು ಬಿಡಬಾರದು. ಹಣ ಕೊಟ್ಟ ವಿಮಾ ಕಂಪನಿ ಆಮೇಲೆ ಸಾಗಣೆದಾರನಿಂದ ವಸೂಲಿಗೆ ಹೊರಡುತ್ತದೆ, ಆ ಹಕ್ಕನ್ನು ಗಿರಾಕಿ ಕೆಡಿಸಿದ್ದರೆ ಕ್ಲೇಮಿಗೇ ಕುತ್ತು ಬರಬಹುದು.

ಪರಿಹಾರದ ಮೊತ್ತ ಬಿಲ್ಲಿನಿಂದ ಶುರುವಾಗುತ್ತದೆ. ಪೂರ್ತಿ ಹಾಳಾಗಿದ್ದರೆ ಬಿಲ್ಲಿನ ಬೆಲೆ, ರಿಪೇರಿಯಾಗುವಂತಿದ್ದರೆ ಅಂಗಡಿಯ ಎಸ್ಟಿಮೇಟ್, ಅದರ ಮೇಲೆ ಸಾಗಣೆ ವೆಚ್ಚ, ಬಡ್ಡಿ, ಮಾನಸಿಕ ಯಾತನೆಗೆ ಒಂದಿಷ್ಟು, ದಾವೆಯ ಖರ್ಚು ಎಂದು ಆಯೋಗಗಳು ಕೊಡುತ್ತವೆ. ಹತ್ತು ಪಟ್ಟಿನ ಮಿತಿಯೊಳಗೇ ನಿಂತ ಆದೇಶಗಳೂ ಇವೆ, ಸೇವಾಲೋಪದ ಹೆಸರಿನಲ್ಲಿ ಅದನ್ನು ದಾಟಿದವೂ ಇವೆ. ಮೇಲ್ಮನವಿಗೆ ಕಂಪನಿಗೆ 45 ದಿನದ ಅವಕಾಶವಿದೆ, ಆದೇಶದ ಅರ್ಧ ಮೊತ್ತ ಠೇವಣಿ ಇಟ್ಟೇ ಹೋಗಬೇಕು. ಆದೇಶ ಪಾಲಿಸದಿದ್ದರೆ ಗ್ರಾಹಕ ರಕ್ಷಣಾ ಕಾಯ್ದೆಯ 72ನೇ ಸೆಕ್ಷನ್ನಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಒಡೆದ ವಸ್ತುವನ್ನು ತಕರಾರು ಮುಗಿಯುವತನಕ ಗುಜರಿಗೆ ಹಾಕಬಾರದು. ಆಯೋಗ ತಜ್ಞರ ಪರೀಕ್ಷೆಗೆ ಕೇಳಬಹುದು, ವಿಮೆಯ ಸರ್ವೇಯರ್ ನೋಡಲು ಬರಬಹುದು. ಪೂರ್ತಿ ಬೆಲೆ ಕೈಸೇರಿದ ಮೇಲೆ ಅದರ ಚೂರುಗಳು ಹಣ ಕೊಟ್ಟವನಿಗೆ ಸೇರುತ್ತವೆ. ರಟ್ಟಿನ ಪೆಟ್ಟಿಗೆ, ಅದರ ಮೇಲಿನ ವಿಳಾಸದ ಚೀಟಿ, ಒಳಗಿನ ಥರ್ಮೊಕೋಲ್ ಸಮೇತ ಎಲ್ಲವನ್ನೂ ಒಪ್ಪಿಸಿ, ಒಪ್ಪಿಸಿದ್ದಕ್ಕೂ ಒಂದು ರಸೀದಿ ಬರೆಸಿಕೊಳ್ಳಬೇಕು.